ಓದಿದ ಕಥೆ ಹಾಡಾಗುವವರೆಗೆ



 ಈ ದತ್ತಿ ಉಪನ್ಯಾಸಕ್ಕೆ ಸಾಹಿತ್ಯಕ್ಕೂ ಸಂಗೀತಕ್ಕೂ ಸಲ್ಲುವ ವಿಷಯವೊಂದನ್ನು ಆರಿಸಿಕೊಳ್ಳಬೇಕೆಂದು ಸಂಘಟಕರು ಸೂಚಿಸಿದಾಗ ನನಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಬಹುಕಾಲದಿಂದ ನನ್ನನ್ನು ಹಿಡಿದಿಟ್ಟಿರುವ ಪ್ರಶ್ನೆಯೊಂದಿದೆ. ಎಲ್ಲರೂ ಓದಿರುವ, ಇಲ್ಲವೇ ಓದಿರಬೇಕೆಂದು ಎಲ್ಲರೂ ಒಪ್ಪುವ ದೊಡ್ಡ ಕಾದಂಬರಿಯೊಂದನ್ನು ಒಬ್ಬ ಸಂಗೀತ ಸಂಯೋಜಕ ಕೈಗೆತ್ತಿಕೊಳ್ಳುತ್ತಾನೆ. ಕೆಲವು ವರ್ಷಗಳ ನಂತರ ಅದು ರಂಗದ ಮೇಲೆ ಹಾಡಿನ ನಾಟಕವಾಗಿ ಬರುತ್ತದೆ. ಈ ಎರಡರ ನಡುವಿನ ವರ್ಷಗಳಲ್ಲಿ ಏನು ನಡೆಯುತ್ತದೆ?

ನಮ್ಮ ವಿಮರ್ಶೆ ಸಾಮಾನ್ಯವಾಗಿ ಪರದೆ ಸರಿದ ಮೇಲಿನ ಸಂಗತಿಗಳನ್ನು ಚರ್ಚಿಸುತ್ತದೆ. ನಾನು ಇಂದು ಪರದೆ ಸರಿಯುವ ಮುಂಚಿನ ಕಾಲದ ಬಗ್ಗೆ, ನಾಟಕ ಇನ್ನೂ ಕಟ್ಟಿಕೊಳ್ಳುತ್ತಿರುವ ಕಾಲದ ಬಗ್ಗೆ ಮಾತಾಡುತ್ತೇನೆ. ನನ್ನ ಮುಖ್ಯ ನಿದರ್ಶನ ಅಮೆರಿಕದ ಸಂಯೋಜಕ ಡೇವ್ ಮಲಾಯ್. ಟಾಲ್‌ಸ್ಟಾಯ್ ಮತ್ತು ಮೆಲ್ವಿಲ್ ಇಬ್ಬರನ್ನೂ ರಂಗಕ್ಕೆ ತಂದ ಧೈರ್ಯಶಾಲಿ ಆತ. ಜೊತೆಗೆ ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಹುಟ್ಟಿದ ಇನ್ನೂ ಕೆಲವು ಕೃತಿಗಳನ್ನು ನೋಡೋಣ. ಕೊನೆಯಲ್ಲಿ ನಮ್ಮ ರಂಗಭೂಮಿಗೆ ಬರುತ್ತೇನೆ. ಅಲ್ಲಿ ನನ್ನದೊಂದು ಬಿನ್ನಹವೂ ಇದೆ.

ಮೊದಲು ಆಯ್ಕೆಯ ವಿಚಾರ.

'ಯುದ್ಧ ಮತ್ತು ಶಾಂತಿ' ಸಾವಿರದ ಇನ್ನೂರು ಪುಟಗಳನ್ನು ದಾಟುವ ಗ್ರಂಥ. ಮಲಾಯ್ ಅದನ್ನು ಓದಿದ್ದು ಪ್ರವಾಸಿ ಹಡಗೊಂದರಲ್ಲಿ ಪಿಯಾನೊ ನುಡಿಸುವ ಕೆಲಸದಲ್ಲಿದ್ದಾಗ. ಇಡೀ ಕಾದಂಬರಿಯನ್ನು ರಂಗಕ್ಕೆ ತರುವ ಯೋಚನೆಯನ್ನೇ ಅವರು ಮಾಡಲಿಲ್ಲ. ಎರಡನೆಯ ಸಂಪುಟದ ಐದನೆಯ ಭಾಗ, ಸುಮಾರು ಎಪ್ಪತ್ತು ಪುಟ, ಅಷ್ಟನ್ನೇ ಎತ್ತಿಕೊಂಡರು. ನತಾಶಾ ಎಂಬ ಎಳೆಯ ಹುಡುಗಿಗೆ ಆಂದ್ರೇ ಜೊತೆ ಮದುವೆ ನಿಶ್ಚಯವಾಗಿದೆ, ಅವನು ದೂರದಲ್ಲಿದ್ದಾನೆ. ಮಾಸ್ಕೋಗೆ ಬಂದ ಅವಳನ್ನು ಆನತೋಲ್ ಎಂಬ ಸುಂದರ, ಬೇಜವಾಬ್ದಾರಿ ಯುವಕ ಮರುಳು ಮಾಡುತ್ತಾನೆ. ಇಬ್ಬರೂ ಓಡಿಹೋಗುವ ಸಿದ್ಧತೆ ನಡೆದು ಕೊನೇ ಗಳಿಗೆಯಲ್ಲಿ ಮುರಿದು ಬೀಳುತ್ತದೆ. ಅವಳು ವಿಷ ಕುಡಿದು ಬದುಕಿ ಉಳಿಯುತ್ತಾಳೆ. ತನ್ನ ಬದುಕೇ ವ್ಯರ್ಥವೆಂದುಕೊಂಡಿದ್ದ ಪಿಯೆರ್ ಅವಳನ್ನು ಸಂತೈಸಲು ಬಂದು, ಹೊರಗೆ ಹೋಗುವಾಗ ಆಕಾಶದಲ್ಲಿ ಧೂಮಕೇತುವನ್ನು ಕಾಣುತ್ತಾನೆ. ಕಥೆ ಇಷ್ಟೇ. ನೆಪೋಲಿಯನ್ ಇಲ್ಲ, ಬೊರೊಡಿನೋ ಇಲ್ಲ, ಉರಿಯುವ ಮಾಸ್ಕೋ ಇಲ್ಲ.

ಈ ಆಯ್ಕೆಯನ್ನು ನಾನು ಮಲಾಯ್ ಅವರ ಮೊದಲ ಸಂಗೀತ ರಚನೆ ಎಂದೇ ಕರೆಯುತ್ತೇನೆ. ಆ ಎಪ್ಪತ್ತು ಪುಟಗಳಲ್ಲಿ ಒಬ್ಬಳು ಬೀಳುತ್ತಾಳೆ, ಒಬ್ಬನು ಏಳುತ್ತಾನೆ, ಇಬ್ಬರೂ ಒಮ್ಮೆ ಮಾತ್ರ ಎದುರುಬದುರು ಕೂತು ಮಾತಾಡುತ್ತಾರೆ. ಒಂದು ಸಂಜೆಯ ಸಂಗೀತ ಹೊರಬಲ್ಲ ಭಾರ ಅಷ್ಟೇ. ಮೂಲದ ಮೇಲೆ ಪ್ರೀತಿ ಇರುವವನಿಗೆ ಬಿಡುವುದು ಕಷ್ಟ. ಬಿಟ್ಟದ್ದನ್ನು ಯಾರಾದರೂ ಎತ್ತಿ ತೋರಿಸುತ್ತಾರೆಂಬ ಭಯವೂ ಇರುತ್ತದೆ. ಆ ಭಯವನ್ನು ಅವರು ಎದುರಿಸಿದ ರೀತಿ ನನಗೆ ಬಹಳ ಇಷ್ಟ. ನಾಟಕದ ಮೊಟ್ಟಮೊದಲ ಹಾಡಿನಲ್ಲೇ ಪಾತ್ರಗಳು ಒಂದೊಂದಾಗಿ ಬಂದು ತಮ್ಮನ್ನು ಒಂದೇ ಒಂದು ಗುಣದಿಂದ ಪರಿಚಯಿಸಿಕೊಳ್ಳುತ್ತವೆ. ಪ್ರತಿ ಹೊಸ ಹೆಸರು ಬಂದಾಗಲೂ ಹಿಂದಿನ ಹೆಸರುಗಳು ಸರಪಳಿಯಂತೆ ಮರುಕಳಿಸುತ್ತವೆ. ಹಾಡು ಮುಗಿಯುವ ಹೊತ್ತಿಗೆ ರಷ್ಯನ್ ಹೆಸರುಗಳಿಗೆ ಹೆದರುವವನಿಗೂ ಯಾರು ಯಾರೆಂಬುದು ಗಟ್ಟಿಯಾಗಿರುತ್ತದೆ. ಪ್ರೇಕ್ಷಕರ ಕೈಗೆ ಕೊಟ್ಟ ಪುಸ್ತಿಕೆಯಲ್ಲಿ ವಂಶವೃಕ್ಷವೂ ಇತ್ತು. ಕಾದಂಬರಿ ಜಟಿಲ ಎಂಬುದನ್ನು ಮುಚ್ಚಿಡದೆ ಆ ಜಟಿಲತೆಯನ್ನೇ ಮೊದಲ ಹಾಡಾಗಿಸಿದ್ದು ಸಂಯೋಜಕನ ಪ್ರಾಮಾಣಿಕತೆ.

ಇಲ್ಲಿಂದ ಎರಡನೆಯ ಪ್ರಶ್ನೆಗೆ ಹೋಗೋಣ. ಕಾದಂಬರಿಯಲ್ಲಿ ಪಾತ್ರಗಳಲ್ಲದೆ ಇನ್ನೊಬ್ಬರಿರುತ್ತಾರೆ, ಕಥೆ ಹೇಳುವವರು. ಟಾಲ್‌ಸ್ಟಾಯ್ ಕೃತಿಯ ಅರ್ಧ ಶಕ್ತಿ ಆ ಕಂಠದಲ್ಲಿದೆ. ನಾಟಕ ಮಾಡುವಾಗ ಸಾಮಾನ್ಯವಾಗಿ ಮೊದಲು ಕತ್ತರಿಸಿ ಹೋಗುವುದು ಅದೇ. ಸಂಭಾಷಣೆ ಉಳಿಯುತ್ತದೆ, ಘಟನೆ ಉಳಿಯುತ್ತದೆ, ನಿರೂಪಣೆ ಮಾಯವಾಗುತ್ತದೆ. ಹಾಗಾದರೆ ಉಳಿದದ್ದು ಟಾಲ್‌ಸ್ಟಾಯ್ ಹೌದೇ?

ಮಲಾಯ್ ಕೊಟ್ಟ ಉತ್ತರ ಸರಳ. ಲೂಯಿಸ್ ಮತ್ತು ಐಲ್ಮರ್ ಮಾಡ್ ದಂಪತಿ ಮಾಡಿದ್ದ ಹಳೆಯ ಇಂಗ್ಲಿಷ್ ಅನುವಾದವನ್ನು ಮುಂದಿಟ್ಟುಕೊಂಡು ಅದರ ಗದ್ಯವನ್ನು ಬಹುಮಟ್ಟಿಗೆ ಹಾಗೇ ಹಾಡಿಸಿದರು. ಪ್ರಾಸ ಹೊಂದಿಸಲು ಹೋಗಲಿಲ್ಲ. ಪಾತ್ರ ತನ್ನ ಬಗ್ಗೆ ತಾನೇ ಪ್ರಥಮ ಪುರುಷದಲ್ಲಿ ಹಾಡುತ್ತದೆ. ಅವಳು ಎದ್ದಳು, ಅವಳು ನಾಚಿದಳು ಎಂದು ನತಾಶಾಳೇ ಹಾಡುತ್ತ ಏಳುತ್ತಾಳೆ, ನಾಚುತ್ತಾಳೆ. ನ್ಯೂಯಾರ್ಕಿನ ಪ್ರೇಕ್ಷಕರಿಗೆ ಇದು ಹೊಸ ಪ್ರಯೋಗವೆನಿಸಿತು. ಯಕ್ಷಗಾನ ನೋಡಿ ಬೆಳೆದ ನಮಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಭಾಗವತರು ಪಾತ್ರದ ಕಥೆಯನ್ನು ಹಾಡುತ್ತಿರುವಾಗ ಪಾತ್ರಧಾರಿ ಅದನ್ನೇ ಕುಣಿಯುತ್ತಾನಲ್ಲವೇ? ಅಲ್ಲಿ ಹಾಡುವ ಕಂಠ ಮತ್ತು ಕುಣಿಯುವ ದೇಹ ಬೇರೆಬೇರೆ. ಮಲಾಯ್ ಎರಡನ್ನೂ ಒಬ್ಬನಲ್ಲೇ ಇರಿಸಿದರು. ಇದರ ಪರಿಣಾಮ ವಿಶಿಷ್ಟವಾದದ್ದು. ನಟಿ ಒಂದೇ ಉಸಿರಿನಲ್ಲಿ ಪಾತ್ರವೂ ಆಗುತ್ತಾಳೆ, ಆ ಪಾತ್ರವನ್ನು ಕರುಣೆಯಿಂದ ನೋಡುವ ಟಾಲ್‌ಸ್ಟಾಯ್ ಕೂಡ ಆಗುತ್ತಾಳೆ.

ಇನ್ನೊಂದು ದೃಶ್ಯವನ್ನು ಇಲ್ಲಿ ಹೇಳಲೇಬೇಕು. ಕಾದಂಬರಿಯಲ್ಲಿ ನತಾಶಾ ಒಪೆರಾ ನೋಡಲು ಹೋಗುತ್ತಾಳೆ. ಟಾಲ್‌ಸ್ಟಾಯ್ ಆ ಒಪೆರಾವನ್ನು ಏನೂ ಅರ್ಥವಾಗದವರ ಕಣ್ಣಿನಿಂದ ವರ್ಣಿಸುತ್ತಾನೆ. ಬಣ್ಣ ಬಳಿದ ರಟ್ಟಿನ ಮರಗಳು, ಕೈ ಚಾಚಿ ಕೂಗುವ ಗಂಡಸು, ಕಾರಣವಿಲ್ಲದೆ ಚಪ್ಪಾಳೆ ತಟ್ಟುವ ಜನ. ರಷ್ಯನ್ ವಿಮರ್ಶಕ ವಿಕ್ಟರ್ ಶ್ಕ್ಲೋವ್ಸ್ಕಿ ಅಪರಿಚಿತೀಕರಣದ ತನ್ನ ಸಿದ್ಧಾಂತಕ್ಕೆ ಟಾಲ್‌ಸ್ಟಾಯ್‌ನ ಇಂಥ ವರ್ಣನೆಗಳನ್ನೇ ಉದಾಹರಣೆಯಾಗಿ ಬಳಸಿದ. ಇದನ್ನು ಸಂಗೀತದಲ್ಲಿ ಹೇಗೆ ಹೇಳುವುದು? ಚೆಂದದ ಒಪೆರಾ ತುಣುಕೊಂದನ್ನು ಇಟ್ಟರೆ ನತಾಶಾಳ ಗೊಂದಲ ಸತ್ತುಹೋಗುತ್ತದೆ. ಮಲಾಯ್ ಅಲ್ಲಿ ಕರ್ಕಶವಾದ, ತಲೆಬುಡವಿಲ್ಲದ, ಕಿರುಚಾಟದಂಥ ಒಪೆರಾವನ್ನೇ ರಚಿಸಿದರು. ಈಗ ಪ್ರೇಕ್ಷಕನೂ ಅವಳಂತೆಯೇ ದಿಗ್ಭ್ರಮೆಗೊಂಡು ಕೂರುತ್ತಾನೆ. ಆ ದಿಗ್ಭ್ರಮೆಯೊಳಗೆ ಆನತೋಲ್ ಪ್ರವೇಶಿಸುತ್ತಾನೆ. ಅವಳು ಏಕೆ ಮರುಳಾದಳೆಂದು ಮತ್ತೆ ಯಾರೂ ವಿವರಿಸಬೇಕಿಲ್ಲ. ಗದ್ಯದ ಒಂದು ತಂತ್ರ ಸಂಗೀತದ ತಂತ್ರವಾಗಿ ಪೂರ್ತಿ ಬದಲಾದ ಇಷ್ಟು ಸ್ಪಷ್ಟವಾದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಮೌನದ ಬಗ್ಗೆಯೂ ಒಂದು ಮಾತು. ಈ ನಾಟಕ ಆದ್ಯಂತ ಹಾಡಿನಲ್ಲೇ ಸಾಗುತ್ತದೆ. ಕೊನೆಯ ಹತ್ತಿರ, ಸಂತೈಸಲು ಬಂದ ಪಿಯೆರ್ ತನ್ನ ಮನಸ್ಸನ್ನು ನತಾಶಾಳ ಮುಂದೆ ತೆರೆದಿಡುವ ಒಂದು ಮಾತು ಮಾತ್ರ ಸಂಗೀತವಿಲ್ಲದೆ, ಬರೀ ಮಾತಾಗಿ ಬರುತ್ತದೆ. ಅಷ್ಟು ಹೊತ್ತು ಹಾಡನ್ನೇ ಕೇಳಿದ ಕಿವಿಗೆ ಆ ಒಣ ಮಾತು ಎಲ್ಲ ಹಾಡಿಗಿಂತ ಹೆಚ್ಚು ತಾಗುತ್ತದೆ. ಎಲ್ಲಿ ಹಾಡಬಾರದು ಎಂದು ತಿಳಿದ ಸಂಯೋಜಕನೇ ಮೂಲಕೃತಿಯನ್ನು ನಿಜವಾಗಿ ಓದಿದವನು.

ಮೆಲ್ವಿಲ್‌ನ 'ಮೋಬಿ ಡಿಕ್' ಇನ್ನೊಂದು ಬಗೆಯ ಸವಾಲು. 1851ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ 135 ಅಧ್ಯಾಯಗಳಿವೆ. ಅವುಗಳಲ್ಲಿ ಎಷ್ಟೋ ಅಧ್ಯಾಯಗಳು ತಿಮಿಂಗಿಲದ ಜಾತಿ, ಅಸ್ಥಿ, ಎಣ್ಣೆಗಳನ್ನು ಕುರಿತವು. ಕಥೆ ಬೇಕೆನ್ನುವವರು ಅವನ್ನು ಹಾರಿಸಿ ಓದುತ್ತಾರೆ. ಮಲಾಯ್ ಹಾರಿಸಲಿಲ್ಲ. 2019ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿರುವ ಅಮೆರಿಕನ್ ರೆಪರ್ಟರಿ ಥಿಯೇಟರ್‌ನಲ್ಲಿ, ರೇಚಲ್ ಚಾವ್ಕಿನ್ ನಿರ್ದೇಶನದಲ್ಲಿ ಅವರ ಸಂಗೀತ ರೂಪ ಮೊದಲು ರಂಗ ಕಂಡಾಗ ನಾಲ್ಕು ಭಾಗಗಳಲ್ಲಿತ್ತು, ಮೂರು ಗಂಟೆಗೂ ಮೀರಿ ನಡೆಯುತ್ತಿತ್ತು. ಒಂದೊಂದು ಭಾಗಕ್ಕೆ ಒಂದೊಂದು ಸಂಗೀತ ಸ್ವಭಾವ. ತಿಮಿಂಗಿಲ ಶಾಸ್ತ್ರ ಹಳೆಯ ವಾಡ್‌ವಿಲ್ ವಿನೋದಾವಳಿಯ ಧಾಟಿಗೆ ತಿರುಗಿತು. ಸಮುದ್ರದಲ್ಲಿ ಒಂಟಿಯಾಗಿ ಬಿಟ್ಟುಹೋದ ಕಪ್ಪು ಬಾಲಕ ಪಿಪ್‌ನ ಕಥೆ ಜಾಜ್ ಸಂಗೀತದಲ್ಲಿ ತನ್ನದೇ ಒಂದು ಭಾಗ ಪಡೆಯಿತು. ಮೆಲ್ವಿಲ್ ಕಾದಂಬರಿಯಲ್ಲಿ ಪಿಪ್ ಅಂಚಿನಲ್ಲಿದ್ದಾನೆ. ಸಂಯೋಜಕ ಆ ಅಂಚಿಗೆ ಕಿವಿಗೊಟ್ಟ. ಆ ಪ್ರದರ್ಶನಗಳು ಮುಗಿದ ಕೆಲವೇ ವಾರಗಳಲ್ಲಿ, 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದಾಗಿ ಅಮೆರಿಕದ ರಂಗಮಂದಿರಗಳೆಲ್ಲ ಬಾಗಿಲು ಮುಚ್ಚಿದವು.

ಇನ್ನು ಮೂರನೆಯ ಸಂಗತಿ, ಪ್ರೇಕ್ಷಕನ ನೆನಪು. ಅಭಿಜಾತ ಕೃತಿಯನ್ನು ಆರಿಸುವ ಸಂಯೋಜಕ ಪ್ರೇಕ್ಷಕನಿಗೆ ಅದು ಎಷ್ಟು ಗೊತ್ತು ಎಂಬ ಲೆಕ್ಕವನ್ನೂ ಹಾಕಬೇಕಾಗುತ್ತದೆ. ಇದಕ್ಕೆ 'ಲೆ ಮಿಸರಾಬ್ಲ್' ನಾಟಕದ ಚರಿತ್ರೆಯೇ ಒಳ್ಳೆಯ ಪಾಠ.

ವಿಕ್ಟರ್ ಹ್ಯೂಗೊ ಕಾದಂಬರಿ ಪ್ರಕಟವಾದದ್ದು 1862ರಲ್ಲಿ. ಅಲೈನ್ ಬೂಬ್ಲಿಲ್ ಲಂಡನ್‌ನಲ್ಲಿ ಡಿಕನ್ಸ್ ಆಧರಿಸಿದ 'ಆಲಿವರ್!' ನೋಡುತ್ತಿದ್ದರು. ಅದರಲ್ಲಿ ಬರುವ ಕಿಸೆಗಳ್ಳ ಹುಡುಗನನ್ನು ಕಂಡು ಅವರಿಗೆ ಹ್ಯೂಗೊನ ಗಾವ್ರೋಶ್ ನೆನಪಾದ. ಅಲ್ಲಿಂದ ಶುರುವಾಯಿತು. ಕ್ಲೋದ್ ಮಿಷೆಲ್ ಶೋನ್‌ಬರ್ಗ್ ಸಂಗೀತ ಕಟ್ಟಿದರು, ಬೂಬ್ಲಿಲ್ ಮತ್ತು ಜಾನ್ ಮಾರ್ಕ್ ನಟೆಲ್ ಫ್ರೆಂಚ್ ಹಾಡುಗಳನ್ನು ಬರೆದರು. ನಾಟಕಕ್ಕಿಂತ ಮೊದಲು ಧ್ವನಿಮುದ್ರಿಕೆ ಹೊರಬಂತು. 1980ರ ಸೆಪ್ಟೆಂಬರ್‌ನಲ್ಲಿ ರೊಬೇರ್ ಒಸ್ಸೇನ್ ನಿರ್ದೇಶನದಲ್ಲಿ ಪ್ಯಾರಿಸ್ಸಿನ ಒಂದು ಕ್ರೀಡಾ ಸಭಾಂಗಣದಲ್ಲಿ ಪ್ರದರ್ಶನ ಆರಂಭವಾಗಿ ಸುಮಾರು ಮೂರು ತಿಂಗಳು ನಡೆದು ನಿಂತಿತು. ಆ ಫ್ರೆಂಚ್ ರೂಪ ಕಾರ್ಖಾನೆಯ ಕೂಲಿಕಾರರ ದೃಶ್ಯದಿಂದಲೇ ಶುರುವಾಗುತ್ತಿತ್ತು. ಬ್ರೆಡ್ ಕದ್ದು ಜೈಲಿಗೆ ಹೋದ ಜಾನ್ ವಾಲ್‌ಜಾನ್, ಅವನಿಗೆ ಬೆಳ್ಳಿಯ ದೀಪಸ್ತಂಭ ಕೊಟ್ಟು ಕಳುಹಿಸಿದ ಬಿಷಪ್, ಇದನ್ನೆಲ್ಲ ಫ್ರಾನ್ಸಿನ ಪ್ರತಿ ಮಗುವೂ ಶಾಲೆಯಲ್ಲೇ ಕಲಿತಿರುವುದರಿಂದ ಮತ್ತೆ ಹೇಳುವ ಅಗತ್ಯ ಕಾಣಲಿಲ್ಲ. ನಮ್ಮ ಬಯಲಾಟದಲ್ಲಿ ದ್ರೌಪದಿ ಯಾರೆಂದು ಯಾರೂ ಪರಿಚಯಿಸುವುದಿಲ್ಲವಲ್ಲ, ಹಾಗೆ.

ನಿರ್ಮಾಪಕ ಕ್ಯಾಮೆರನ್ ಮ್ಯಾಕಿಂತಾಷ್ ಆ ಧ್ವನಿಮುದ್ರಿಕೆ ಕೇಳಿ, ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ಜೊತೆಗೂಡಿ ಅದನ್ನು ಲಂಡನ್‌ಗೆ ತರಲು ಹೊರಟಾಗ ಈ ಲೆಕ್ಕ ತಲೆಕೆಳಗಾಯಿತು. ಇಂಗ್ಲಿಷ್ ಪ್ರೇಕ್ಷಕನಿಗೆ ಬಿಷಪ್ ಗೊತ್ತಿಲ್ಲ. ಹೊಸ ಆರಂಭ ಬೇಕಾಯಿತು. ವಾಲ್‌ಜಾನ್ ಬಿಡುಗಡೆ, ಕಳ್ಳತನ, ಬಿಷಪ್ಪನ ಕ್ಷಮೆ, ಮನಃಪರಿವರ್ತನೆ ಎಲ್ಲವನ್ನೂ ಒಳಗೊಂಡ ಮುನ್ನುಡಿಯನ್ನು ಹೊಸದಾಗಿ ರಚಿಸಿದರು. ಇಂದು ಆ ನಾಟಕವನ್ನು ಬಲ್ಲ ಯಾರನ್ನಾದರೂ ಕೇಳಿ, ಅದರ ನೈತಿಕ ಬುನಾದಿ ಆ ಮುನ್ನುಡಿಯಲ್ಲಿದೆ ಎನ್ನುತ್ತಾರೆ. ಪರಭಾಷೆಯ ಪ್ರೇಕ್ಷಕನ ಅರಿವಿಗೆ ನಿಲುಕದ ಭಾಗವೇ ಕೃತಿಯನ್ನು ಪೂರ್ಣಗೊಳಿಸಿತು. ನನ್ನ ಅಭಿಪ್ರಾಯದಲ್ಲಿ ಹ್ಯೂಗೊಗೆ ಹೆಚ್ಚು ನಿಷ್ಠವಾದ ರೂಪ ಪ್ಯಾರಿಸ್ಸಿನದಲ್ಲ, ಲಂಡನ್ನಿನದು.

ಅದೇ ಹಂತದಲ್ಲಿ ಇನ್ನೊಂದು ಬದಲಾವಣೆ ಆಯಿತು. ಸಂಗೀತದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಫ್ರೆಂಚ್ ರೂಪದಲ್ಲಿ ಫಾಂಟೀನ್ ಎಂಬ ನಿರ್ಗತಿಕ ತಾಯಿ ತನ್ನ ದುರ್ದೆಸೆಯನ್ನು ಹಾಡಿಕೊಳ್ಳುವ ಒಂದು ಧಾಟಿ ಇತ್ತು. ಲಂಡನ್ ರೂಪದಲ್ಲಿ ಆ ಧಾಟಿಯನ್ನು ಎಪೊನೀನ್ ಎಂಬ ಬೀದಿಯ ಹುಡುಗಿಗೆ ಕೊಟ್ಟರು. ತನ್ನನ್ನು ಪ್ರೀತಿಸದವನನ್ನು ನೆನೆಯುತ್ತ ಅವಳು ಇರುಳಿನಲ್ಲಿ ಹಾಡುವ ಆ ಹಾಡು ಈಗ ಜಗತ್ಪ್ರಸಿದ್ಧ. ಆದರೆ ಫಾಂಟೀನ್ ಸಾಯುವ ಹೊತ್ತಿನಲ್ಲಿ ಅದೇ ಧಾಟಿ ಉಳಿದುಕೊಂಡಿದೆ. ರಂಗದ ಮೇಲೆ ಪರಸ್ಪರ ಎಂದೂ ಭೇಟಿಯಾಗದ ಇಬ್ಬರು ಹೆಣ್ಣುಗಳನ್ನು, ಒಂದೇ ಬಡತನ ಮತ್ತು ಒಂದೇ ಬಗೆಯ ಉತ್ತರವಿಲ್ಲದ ಪ್ರೀತಿ ತಿಂದುಹಾಕಿದ ಇಬ್ಬರನ್ನು, ಒಂದು ಧಾಟಿ ಬೆಸೆಯುತ್ತದೆ. ಇಂಥ ಬೆಸುಗೆಯನ್ನು ಹ್ಯೂಗೊ ನೂರಾರು ಪುಟಗಳ ವಾದದಿಂದ ಸಾಧಿಸುತ್ತಾನೆ. ಸಂಯೋಜಕ ಎಂಟು ಸ್ವರಗಳಲ್ಲಿ ಸಾಧಿಸಬಲ್ಲ. ಇದು ಮೊದಲ ಕರಡಿನಲ್ಲಿ ಹೊಳೆದದ್ದಲ್ಲ, ಐದು ವರ್ಷಗಳ ನಂತರದ ತಿದ್ದುಪಡಿಯಲ್ಲಿ ಸಿಕ್ಕಿದ್ದು.

ಇಂಗ್ಲಿಷ್ ಸಾಹಿತ್ಯ ಮೊದಲು ಒಬ್ಬ ಕವಿಯ ಕೈಯಲ್ಲಿತ್ತು, ಆಮೇಲೆ ಪತ್ರಕರ್ತ ಹರ್ಬರ್ಟ್ ಕ್ರೆಟ್ಸ್‌ಮರ್ ಕೈಗೆ ಬಂತು. ವಾಲ್‌ಜಾನ್ ದೇವರಲ್ಲಿ ಮೊರೆಯಿಡುವ ಆ ತಗ್ಗಿದ ದನಿಯ ಹಾಡು ಸೇರಿದ್ದು ತಾಲೀಮು ನಡೆಯುತ್ತಿರುವಾಗ. 1985ರ ಅಕ್ಟೋಬರ್ 8ರಂದು ಬಾರ್ಬಿಕನ್‌ನಲ್ಲಿ ಟ್ರೆವರ್ ನನ್ ಮತ್ತು ಜಾನ್ ಕೇರ್ಡ್ ನಿರ್ದೇಶನದಲ್ಲಿ ನಾಟಕ ತೆರೆಕಂಡಿತು. ಪತ್ರಿಕಾ ವಿಮರ್ಶೆ ಬಹುಪಾಲು ಕಹಿಯಾಗಿತ್ತು. ಜನ ಮಾತ್ರ ಟಿಕೆಟ್ ಕಿಟಕಿಯ ಮುಂದೆ ಸಾಲುಗಟ್ಟಿದರು.

ಈಗ ನನ್ನ ನಾಲ್ಕನೆಯ ಮತ್ತು ಇಂದಿನ ಮಟ್ಟಿಗೆ ಅತಿ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಅದು ಕಟ್ಟುವ ಕಾಲ.

ನ್ಯೂಯಾರ್ಕಿನಲ್ಲಿ ಈ ಕಾಲಕ್ಕೆ ಒಂದು ವ್ಯವಸ್ಥೆಯಿದೆ. ಮೊದಲು ರೀಡಿಂಗ್. ನಟರು ಕೈಯಲ್ಲಿ ಹಾಳೆ ಹಿಡಿದು, ಒಂದು ಪಿಯಾನೊ ಜೊತೆ, ವೇಷಭೂಷಣವಿಲ್ಲದೆ ಹಾಡಿ ಓದುತ್ತಾರೆ. ನಟರ ಸಂಘದ ನಿಯಮದಂತೆ ಇಂಥ ಒಂದು ಬಗೆಯ ವಾಚನಕ್ಕೆ ಎರಡು ವಾರಗಳೊಳಗೆ ಒಟ್ಟು 29 ಗಂಟೆಗಳ ಮಿತಿಯಿದೆ. ಆಮೇಲೆ ಕೆಲವು ವಾರಗಳ ವರ್ಕ್‌ಶಾಪ್. ಆಮೇಲೆ ಸಣ್ಣ ರಂಗಮಂದಿರ, ಇಲ್ಲವೇ ಬೇರೆ ಊರಿನಲ್ಲಿ ಟ್ರೈ-ಔಟ್. ಕೊನೆಗೆ ವಿಮರ್ಶಕರನ್ನು ಕರೆಯುವ ಮುನ್ನ ಟಿಕೆಟ್ ಮಾರಿ ನಡೆಸುವ ಪ್ರಿವ್ಯೂಗಳು. ಪ್ರತಿ ಹಂತದಲ್ಲೂ ಹಾಡು ಸೇರುತ್ತದೆ, ಹಾಡು ಹೋಗುತ್ತದೆ. ಮಲಾಯ್ ಅವರ ಟಾಲ್‌ಸ್ಟಾಯ್ 2012ರಲ್ಲಿ ನೂರಕ್ಕಿಂತ ಕಡಿಮೆ ಆಸನಗಳ ಆರ್ಸ್ ನೋವಾದಲ್ಲಿ ಶುರುವಾಯಿತು. ಸಂಯೋಜಕರೇ ಪಿಯೆರ್ ಆಗಿ ಪಿಯಾನೊ ಮುಂದೆ ಕೂತಿದ್ದರು. ಮರುವರ್ಷ ಒಂದು ಡೇರೆಯೊಳಗೆ ಬಂತು. 2015ರಲ್ಲಿ ಕೇಂಬ್ರಿಜ್‌ಗೆ ಹೋಯಿತು. 2016ರ ನವೆಂಬರ್‌ನಲ್ಲಿ ಬ್ರಾಡ್‌ವೇಯ ಇಂಪೀರಿಯಲ್ ರಂಗಮಂದಿರದ ಒಳಾಂಗಣವನ್ನೇ ಬದಲಿಸಿ ಅಲ್ಲಿ ನೆಲೆಯಾಯಿತು. ದೊಡ್ಡ ರಂಗಕ್ಕೆ ಬರುವ ಹಾದಿಯಲ್ಲಿ ಪಿಯೆರ್‌ಗೆ ಒಂದು ಹೊಸ ಹಾಡು ಸಿಕ್ಕಿತು. 12 ಟೋನಿ ನಾಮನಿರ್ದೇಶನಗಳನ್ನು ಪಡೆದರೂ ಮುಂದಿನ ಸೆಪ್ಟೆಂಬರ್‌ನಲ್ಲಿ ಅದು ನಿಂತುಹೋಯಿತು. ಆದರೆ ಸಾಯಲಿಲ್ಲ. 2024ರ ಡಿಸೆಂಬರ್‌ನಲ್ಲಿ ಲಂಡನ್ನಿನ ಡೊನ್ಮಾರ್ ವೇರ್‌ಹೌಸ್‌ನಲ್ಲಿ ಮತ್ತೆ ಸಣ್ಣ ಜಾಗಕ್ಕೆ ಮರಳಿತು.

ಕೈಬಿಟ್ಟ ಪ್ರಯತ್ನಗಳೂ ಈ ಕಾಲದ ಭಾಗ. ಬರ್ನಾರ್ಡ್ ಷಾ ತಮ್ಮ 'ಪಿಗ್ಮೇಲಿಯನ್' ಸಂಗೀತ ನಾಟಕವಾಗುವುದಕ್ಕೆ ಬದುಕಿರುವವರೆಗೂ ಒಪ್ಪಲಿಲ್ಲ. ಅವರ ಇನ್ನೊಂದು ನಾಟಕ 1908ರಲ್ಲಿ ಆಪರೆಟ್ಟಾ ಆದಾಗ ಆಗಿದ್ದ ಬೇಸರ ಅಷ್ಟಿತ್ತು. 1950ರಲ್ಲಿ ಅವರು ತೀರಿಕೊಂಡ ಮೇಲೆ ರಾಡ್ಜರ್ಸ್ ಮತ್ತು ಹ್ಯಾಮರ್‌ಸ್ಟೀನ್, ಆ ಕಾಲದ ಅತಿ ಸಮರ್ಥ ಜೋಡಿ, ಬಹಳ ಹೆಣಗಿ ಬಿಟ್ಟುಕೊಟ್ಟಿತು. ಅಲನ್ ಜೇ ಲರ್ನರ್ ಮತ್ತು ಫ್ರೆಡರಿಕ್ ಲೋ ಕೂಡ ಮೊದಲ ಸಲ ಸೋತು ದೂರ ಸರಿದರು. ಷಾ ನಾಟಕದಲ್ಲಿ ಉಪಕಥೆಯಿಲ್ಲ, ಮೇಳಕ್ಕೆ ಜಾಗವಿಲ್ಲ, ಇರುವುದೆಲ್ಲ ಕೋಣೆಯೊಳಗಿನ ಮಾತು. ಮತ್ತೆ ಬಂದಾಗ ಅವರಿಗೆ ಹೊಳೆದದ್ದು ಇಷ್ಟು: ಷಾ ಬರೆದದ್ದನ್ನು ಮುಟ್ಟಬೇಕಿಲ್ಲ, ಅಂಕ ಅಂಕಗಳ ನಡುವೆ ಷಾ ತೋರಿಸದೆ ಬಿಟ್ಟದ್ದನ್ನು ಹಾಡಾಗಿಸಿದರೆ ಸಾಕು. ಉಚ್ಚಾರಣೆಯ ಪಾಠ ನಡೆಯುವ ಇರುಳುಗಳು ಷಾ ನಾಟಕದಲ್ಲಿ ಬರುವುದಿಲ್ಲ, ಸಂಗೀತ ನಾಟಕದ ಜೀವ ಅಲ್ಲೇ ಇದೆ. ಹಾಡಲು ಬಾರದ ರೆಕ್ಸ್ ಹ್ಯಾರಿಸನ್ ಮಾತಾಡುತ್ತಲೇ ಹಾಡುವಂತೆ ಲೋ ಧಾಟಿ ಹೊಸೆದರು. 1956ರ ಫೆಬ್ರವರಿಯಲ್ಲಿ ನ್ಯೂ ಹೇವನ್‌ನಲ್ಲಿ ಟ್ರೈ-ಔಟ್ ನಡೆದಾಗ ಒಂದು ಉದ್ದನೆಯ ನೃತ್ಯಭಾಗವನ್ನೂ ಎರಡು ಹಾಡುಗಳನ್ನೂ ಕಿತ್ತುಹಾಕಿದರು. ಮುಂದಿನ ತಿಂಗಳು 'ಮೈ ಫೇರ್ ಲೇಡಿ' ಬ್ರಾಡ್‌ವೇಯಲ್ಲಿ ಶುರುವಾಗಿ 2,717 ಪ್ರದರ್ಶನ ಕಂಡಿತು.

ಅದೇ 1956ರಲ್ಲಿ ತೆರೆಕಂಡ ಲೆನರ್ಡ್ ಬರ್ನ್‌ಸ್ಟೈನ್ ಅವರ 'ಕ್ಯಾಂಡೀಡ್' 73 ಪ್ರದರ್ಶನಗಳಿಗೆ ಮುಗಿದುಹೋಯಿತು. ವೋಲ್ತೇರ್‌ನ ಚುರುಕು ವಿಡಂಬನೆಯ ಮೇಲೆ ನಾಟಕದ ಬರಹ ಭಾರವಾಗಿ ಕೂತಿತ್ತು. 1973ರಲ್ಲಿ ಹೆರಾಲ್ಡ್ ಪ್ರಿನ್ಸ್ ಹೊಸ ನಾಟಕಪಠ್ಯದೊಂದಿಗೆ ಅದನ್ನು ಎತ್ತಿ ನಿಲ್ಲಿಸಿದರು, 1989ರಲ್ಲಿ ಸ್ವತಃ ಬರ್ನ್‌ಸ್ಟೈನ್ ಪರಿಷ್ಕೃತ ರೂಪವನ್ನು ಲಂಡನ್‌ನಲ್ಲಿ ನಡೆಸಿ ಧ್ವನಿಮುದ್ರಿಸಿದರು. ಮರುವರ್ಷ ಅವರು ತೀರಿಕೊಂಡರು.

'ಫಿಡ್ಲರ್ ಆನ್ ದ ರೂಫ್' ಉದಾಹರಣೆ ನಮಗೆ ಹತ್ತಿರದ್ದು, ಏಕೆಂದು ಸ್ವಲ್ಪದರಲ್ಲೇ ಹೇಳುತ್ತೇನೆ. ಶೋಲೆಮ್ ಅಲೈಖೆಮ್ ಯಿಡ್ಡಿಷ್‌ನಲ್ಲಿ ಬರೆದ ಹಾಲುಗಾರ ತೆವ್ಯೆಯ ಕಥೆಗಳನ್ನು ಜೆರಿ ಬಾಕ್ ಸಂಗೀತ, ಶೆಲ್ಡನ್ ಹಾರ್ನಿಕ್ ಗೀತೆ, ಜೋಸೆಫ್ ಸ್ಟೈನ್ ನಾಟಕಪಠ್ಯದಲ್ಲಿ ಕಟ್ಟುತ್ತಿದ್ದರು. ಹೆಣ್ಣುಮಕ್ಕಳನ್ನು ಮದುವೆ ಮಾಡಿಸುವ ಹಾಲುಗಾರನ ಕಥೆ ಎಂದೇ ಎಲ್ಲರೂ ಭಾವಿಸಿದ್ದರು. ನಿರ್ದೇಶಕ ಜೆರೋಮ್ ರಾಬಿನ್ಸ್ ಪ್ರತಿ ಸಭೆಯಲ್ಲೂ ಈ ನಾಟಕ ಯಾವುದರ ಕುರಿತು ಎಂದು ಕೇಳುತ್ತಲೇ ಹೋದರು. ಕೊನೆಗೊಮ್ಮೆ ಉತ್ತರ ಬಂತು: ಕುಸಿಯುತ್ತಿರುವ ಒಂದು ಸಂಪ್ರದಾಯದ ಕುರಿತು. ಹಳೆಯ ಆರಂಭ ಹೋಗಿ ಊರಿಗೆ ಊರೇ ಹಾಡುವ ಹೊಸ ಆರಂಭ ಹುಟ್ಟಿತು. ತೆವ್ಯೆ ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳುವ ಆ ಹಾಡು ಬಂದದ್ದು ಡೆಟ್ರಾಯ್ಟ್‌ನ ಟ್ರೈ-ಔಟ್ ವೇಳೆ. 1964ರ ಸೆಪ್ಟೆಂಬರ್‌ನಲ್ಲಿ ಅದು ತೆರೆಕಂಡದ್ದೂ ಇಂಪೀರಿಯಲ್‌ನಲ್ಲೇ. 'ಲೆ ಮಿಸರಾಬ್ಲ್' ಕೂಡ ಅದೇ ರಂಗದಲ್ಲಿ 1990ರಿಂದ 2003ರವರೆಗೆ ನಡೆಯಿತು.

ಈ ತೆವ್ಯೆ ಕನ್ನಡಕ್ಕೂ ಬಂದಿದ್ದಾನೆ. ಜಯಂತ ಕಾಯ್ಕಿಣಿ ಅವರು 'ಜೊತೆಗಿರುವನು ಚಂದಿರ' ಎಂದು ಅದನ್ನು ನಮ್ಮದಾಗಿಸಿದರು. 'ಪಿಗ್ಮೇಲಿಯನ್' ಅವರ ಕೈಯಲ್ಲೇ 'ಹೂ ಹುಡುಗಿ' ಆಯಿತು. ಹೀಗೆ ನಾನು ಕೊನೆಯ ಭಾಗಕ್ಕೆ ಬಂದೆ.

ಅಭಿಜಾತ ಕೃತಿಯನ್ನು ಹಾಡಾಗಿಸುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಕುಮಾರವ್ಯಾಸನನ್ನು ಗಮಕಿಗಳು ಹಾಡಿಯೇ ಉಳಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಮೈಸೂರಿನಲ್ಲಿ ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ಸಂಗೀತ ರಂಗಭೂಮಿಗೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು 1979ರಲ್ಲಿ 'ಮ್ಯಾಕ್‌ಬೆತ್'ನ್ನು ಹಿಂದಿಯಲ್ಲಿ, ಯಕ್ಷಗಾನದ ಲಯದಲ್ಲಿ 'ಬರ್ನಮ್ ವನ'ವಾಗಿ ಮರುಹುಟ್ಟಿಸಿದರು. ಪು.ತಿ.ನ. ಅವರ 'ಗೋಕುಲ ನಿರ್ಗಮನ'ಕ್ಕೆ ಕಾರಂತರು ಕೊಟ್ಟ ರಂಗರೂಪ ಕಂಡವರು, ಕವಿಯ ಪುಟದಲ್ಲಿ ಮಲಗಿದ್ದ ನಾದ ಹೇಗೆ ಎದ್ದು ನಡೆದಾಡಿತೆಂದು ಇಂದಿಗೂ ಹೇಳುತ್ತಾರೆ.

ಹಾಗೆಯೇ 2010ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇರುಳಿಡೀ, ಒಂಬತ್ತು ಗಂಟೆಗಳ ಕಾಲ ನಡೆಯಿತು. ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಸಿ. ಬಸವಲಿಂಗಯ್ಯ ನಿರ್ದೇಶನ, ಹಂಸಲೇಖ ಸಂಗೀತ. ಪ್ರೇಕ್ಷಕರು ನಾಲ್ಕು ರಂಗಗಳ ನಡುವೆ ಎದ್ದು ನಡೆದು ಹೋಗಿ ಕೂರುತ್ತಿದ್ದರು. ಜೋಗಿ, ಹೆಳವರಂಥ ಕಥೆ ಹಾಡುವವರು ಕಾದಂಬರಿಯ ನಿರೂಪಕನ ಸ್ಥಾನದಲ್ಲಿ ನಿಂತರು. ಟಾಲ್‌ಸ್ಟಾಯ್ ನಿರೂಪಣೆಗೆ ಮಲಾಯ್ ಹುಡುಕಿದ ಪರಿಹಾರವನ್ನು ನಮ್ಮವರು ನಮ್ಮದೇ ಪರಂಪರೆಯೊಳಗಿನಿಂದ ಅದಕ್ಕೂ ಮುಂಚೆಯೇ ಕಂಡುಕೊಂಡಿದ್ದರು. ಇದು ಹೆಮ್ಮೆಯಿಂದ ಹೇಳಬೇಕಾದ ಮಾತು.

ನಮ್ಮಲ್ಲಿ ಪ್ರತಿಭೆಗೆ ಕೊರತೆಯಿಲ್ಲ, ಕೃತಿಗಳಿಗಂತೂ ಇಲ್ಲವೇ ಇಲ್ಲ. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯನ್ನೇ ನೋಡಿ. ಇರುಳಿನಲ್ಲಿ ಆನೆಲಾಯದ ಕಡೆಯಿಂದ ತೇಲಿಬಂದ ಒಂದು ಹಾಡು ರಾಣಿ ಅಮೃತಮತಿಯ ಬದುಕನ್ನೇ ತಿರುಗಿಸಿಬಿಡುತ್ತದೆ. ಹಾಡಿದವನು ಕುರೂಪಿಯಾದ ಮಾವುತ ಅಷ್ಟಾವಂಕ. ಗಿರೀಶ ಕಾರ್ನಾಡರು ಇದನ್ನು ಆಧರಿಸಿ 'ಹಿಟ್ಟಿನ ಹುಂಜ' ಬರೆದರು. ಕವಿ ಆ ಕಂಠದ ಪರಿಣಾಮವನ್ನು ವರ್ಣಿಸಿ ಮುಂದೆ ಹೋಗಬಹುದು. ಸಂಯೋಜಕನಿಗೆ ಆ ರಿಯಾಯಿತಿ ಇಲ್ಲ, ರಾಣಿಯೊಬ್ಬಳು ಅರಮನೆ ಬಿಟ್ಟು ಇಳಿದುಬರುವಂಥ ಹಾಡನ್ನು ಅವನು ನಿಜವಾಗಿಯೂ ನಮಗೆ ಕೇಳಿಸಬೇಕು. ಎಂಟುನೂರು ವರ್ಷಗಳಿಂದ ಆ ಹಾಡು ಸಂಯೋಜಕನಿಗಾಗಿ ಕಾಯುತ್ತಿದೆ. ಜನ್ನನ ಕಾವ್ಯಕ್ಕೆ ಹಕ್ಕುಸ್ವಾಮ್ಯದ ತೊಡಕೂ ಇಲ್ಲ. ಕುವೆಂಪು, ಪು.ತಿ.ನ. ಅಂಥವರ ಕೃತಿಗಳಿಗಾದರೆ ಲೇಖಕ ತೀರಿಕೊಂಡ ನಂತರ 60 ವರ್ಷಗಳವರೆಗೆ ವಾರಸುದಾರರ ಒಪ್ಪಿಗೆ ಬೇಕು ಎಂಬುದನ್ನು ಯುವ ತಂಡಗಳು ನೆನಪಿಡಬೇಕು.

ನಮ್ಮಲ್ಲಿ ಕೊರತೆ ಇರುವುದು ಕಟ್ಟುವ ಕಾಲಕ್ಕೆ. ನಮ್ಮ ಅನುದಾನಗಳು ಪ್ರದರ್ಶನಕ್ಕೆ ಸಿಗುತ್ತವೆ, ಉತ್ಸವಕ್ಕೆ ಸಿಗುತ್ತವೆ. ಮೂರು ತಿಂಗಳು ತಾಲೀಮು ಮಾಡಿ, ಹತ್ತು ಹಾಡು ಕಟ್ಟಿ, ಅದರಲ್ಲಿ ಆರನ್ನು ಎಸೆಯುವ ಕೆಲಸಕ್ಕೆ ಯಾರೂ ಹಣ ಕೊಡುವುದಿಲ್ಲ. ಎಸೆಯುವ ಸ್ವಾತಂತ್ರ್ಯವಿಲ್ಲದ ಸಂಯೋಜಕ ಮೊದಲು ಹೊಳೆದದ್ದನ್ನೇ ಉಳಿಸಿಕೊಳ್ಳುತ್ತಾನೆ. ರಂಗಗೀತೆಗಳು ಸ್ವರಲಿಪಿಯೊಂದಿಗೆ ಅಚ್ಚಾಗುವುದೂ ನಮ್ಮಲ್ಲಿ ಅಪರೂಪ. ಹಾಡಿದವರ ಗಂಟಲಿನೊಂದಿಗೆ ಎಷ್ಟೋ ಧಾಟಿಗಳು ಹೊರಟುಹೋಗಿವೆ.

ಆದ್ದರಿಂದ ಈ ದತ್ತಿಯ ಟ್ರಸ್ಟಿಗಳಲ್ಲಿ, ಇಲ್ಲಿರುವ ಅಕಾಡೆಮಿಯ ಮತ್ತು ವಿಶ್ವವಿದ್ಯಾಲಯದ ಹಿರಿಯರಲ್ಲಿ ನನ್ನ ಬಿನ್ನಹ ಇದು. ವರ್ಷಕ್ಕೊಬ್ಬ ಸಂಯೋಜಕನನ್ನು ಆರಿಸಿ. ಒಂದು ಕನ್ನಡ ಕೃತಿ, ಒಬ್ಬ ನಾಟಕಕಾರ, ನಾಲ್ಕಾರು ಹಾಡುವ ನಟರು, ಒಂದು ಹಾರ್ಮೋನಿಯಂ, ಒಂದು ಖಾಲಿ ಕೋಣೆಯನ್ನು ಕೆಲವು ವಾರಗಳ ಮಟ್ಟಿಗೆ ಅವರಿಗೆ ಒದಗಿಸಿ. ಕೊನೆಗೆ ಪೂರ್ಣ ಪ್ರದರ್ಶನವನ್ನು ಕೇಳಬೇಡಿ, ಒಂದು ವಾಚನವನ್ನು ಮಾತ್ರ ಕೇಳಿ. ಅಲ್ಲಿ ಹಾಡಿದ್ದನ್ನು ಸ್ವರ ಹಾಕಿ ಬರೆಸಿ, ಉಳಿದದ್ದನ್ನೂ ಬಿಟ್ಟದ್ದನ್ನೂ ನಿಮ್ಮ ಗ್ರಂಥಾಲಯದಲ್ಲಿ ಇರಿಸಿ. ಇಲ್ಲಿರುವ ವಿದ್ಯಾರ್ಥಿಗಳು ಆ ವಾಚನಗಳಿಗೆ ಹೋಗಿ ಕೇಳಬೇಕು, ಕೇಳಿದ ಮೇಲೆ ಎಲ್ಲಿ ಬೇಸರವಾಯಿತೆಂದು ಸಂಯೋಜಕರಿಗೆ ನೇರವಾಗಿ ಹೇಳಬೇಕು. ಈ ಕೆಲಸಕ್ಕೆ ಬೇಕಾಗುವ ಮೊತ್ತ ಒಂದು ಉತ್ಸವದ ಖರ್ಚಿಗಿಂತ ಬಹಳ ಕಡಿಮೆ. ದಯವಿಟ್ಟು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿಕೊಳ್ಳಿ.